ಬಡಸಭೆಯ ಚಿತ್ರಶಾಲೆ

ಅಗ್ಗದ ವಸ್ತುವೆಂದರೆ ನಮ್ಮ ಜನಕ್ಕೆ ಒಂದು ಬಗೆಯ ಅನುಮಾನ. ಬೆಲೆ ಇಳಿದಲ್ಲಿ ಗುಣವೂ ಇಳಿದಿರಲೇಬೇಕೆಂಬುದು ನಾವು ಸಂತೆಯಲ್ಲಿ ಕಲಿತ ಪಾಠ. ತೆಂಗಿನಕಾಯಿಗೂ ಪಂಚೆಗೂ ಸಲ್ಲುವ ಈ ಪಾಠ, ಅಕ್ಷರವನ್ನೂ ಚಿತ್ರವನ್ನೂ ಮೂಡಿಸುವ ಉಪಕರಣಗಳಿಗೆ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲವೆಂಬುದು ಕೆಲವು ವರ್ಷಗಳ ಹಿಂದೆ, ಒಂದು ಕ್ರಿಸ್‌ಮಸ್ ಸಮಯದಲ್ಲಿ, ನನಗೆ ಮನದಟ್ಟಾಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರಾವಳಿಯ ಚಿಕ್ಕ ಊರೊಂದರಲ್ಲಿ ಶಾಲೆಯ ಉಪಾಧ್ಯಾಯ. ಅಲ್ಲಿನ ಪುಟ್ಟ ಕ್ರೈಸ್ತ ಸಭೆಗೆ ಚಿತ್ರಕಾರನೂ ಅವನೇ. ಭಾನುವಾರದ ಆರಾಧನೆಯ ಪತ್ರಿಕೆ, ಪರದೆಯ ಮೇಲೆ ತೋರಿಸುವ ಹಾಡುಗಳ ಪುಟ, ಭಾನುವಾರ ಶಾಲೆಯ ಮಕ್ಕಳ ಬಹುಮಾನಪತ್ರ, ಈಸ್ಟರಿನ ಆಮಂತ್ರಣ, ಕ್ರಿಸ್‌ಮಸ್ಸಿಗೆ ಬಾಗಿಲ ಮುಂದೆ ಕಟ್ಟುವ ಫ್ಲೆಕ್ಸ್ ಇವೆಲ್ಲವೂ ಅವನ ಕೈಯಿಂದಲೇ ಆಗಬೇಕು. ಅದು ಸಂಬಳವಿಲ್ಲದ ಕೆಲಸ. ಪ್ರೀತಿಯಿಂದ ಮಾಡುವ ಕೆಲಸ. ಆ ವರ್ಷ ಫ್ಲೆಕ್ಸಿನ ಕರಡನ್ನು ತಿದ್ದಿಕೊಡಲು ನನಗೆ ಕಳುಹಿಸಿದ್ದ. ನಡುವೆ ದನದ ಕೊಟ್ಟಿಗೆ, ಮೇಲೆ ನಕ್ಷತ್ರ, ಕೆಳಗೆ ದೊಡ್ಡ ಅಕ್ಷರಗಳಲ್ಲಿ ‘ಕ್‌ರಿಸ್‌ತ ಜಯಂತಿ’! ಕನ್ನಡ ಕಲಿಸಿದವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕೆ? ಕೂಡಲೇ ದೂರವಾಣಿಯಲ್ಲಿ ಕರೆದೆ.

“ನಾನು ಸರಿಯಾಗಿಯೇ ಬರೆದಿದ್ದೇನೆ ಸರ್. ತಂತ್ರಾಂಶ ಒತ್ತನ್ನು ಕೆಳಕ್ಕೆ ಇಳಿಸುವುದಿಲ್ಲ” ಎಂದ.

“ಅಂಥ ತಂತ್ರಾಂಶವನ್ನು ಏಕೆ ಕೊಂಡೆಯಪ್ಪ?”

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. “ಕೊಂಡದ್ದಲ್ಲ ಸರ್. ಯಾರೋ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ ಹಳೆಯ ನಕಲು. ಹೊಸದಕ್ಕೆ ತಿಂಗಳು ತಿಂಗಳೂ ಹಣ ಕಟ್ಟಬೇಕು. ನಮ್ಮ ಸಭೆಯಲ್ಲಿ ಅಷ್ಟು ಶಕ್ತಿ ಎಲ್ಲಿದೆ?” ಎಂದವನು, ತಡೆದು, ಇನ್ನೊಂದು ಮಾತು ಸೇರಿಸಿದ: “ಭಾನುವಾರ ಶಾಲೆಗೆ ಹತ್ತು ಆಜ್ಞೆಗಳ ಪಟವನ್ನೂ ಇದರಲ್ಲೇ ಮಾಡುತ್ತಿದ್ದೇನೆ. ಕಳ್ಳತನದ ಆಜ್ಞೆಯ ಹತ್ತಿರ ಬಂದಾಗ ಕೈ ಓಡಲಿಲ್ಲ ಸರ್.”

ಅವನನ್ನು ಗದರಿಸುವ ಮನಸ್ಸು ನನಗಾಗಲಿಲ್ಲ. ಅವನ ಅಳುಕು ಅವನೊಬ್ಬನದೇ ಅಲ್ಲ. ಎಷ್ಟು ಗುಡಿ, ಮಠ, ಮಸೀದಿ, ಚರ್ಚುಗಳ ಕರಪತ್ರಗಳು, ಎಷ್ಟು ಕನ್ನಡ ಸಂಘಗಳ ರಾಜ್ಯೋತ್ಸವದ ಭಿತ್ತಿಪತ್ರಗಳು ಹೀಗೆ ಬೆಲೆ ತೆರದ ಉಪಕರಣದಿಂದ ಹೊರಬರುತ್ತಿವೆಯೋ ಯಾರು ಬಲ್ಲರು? ಚಿತ್ರಸಂಸ್ಕರಣದಲ್ಲಿ ಹೆಸರಾದ ಫೋಟೋಶಾಪ್ ಮೊದಲು ಮಾರುಕಟ್ಟೆಗೆ ಬಂದದ್ದು 1990ರಲ್ಲಿ. 2013ರಲ್ಲಿ ಅದನ್ನು ತಯಾರಿಸುವ ಅಡೋಬಿ ಸಂಸ್ಥೆ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಒಳಪಡಿಸಿತು. ಅಂದಿನಿಂದ ಅದು ಕೊಂಡ ಮನೆಯಲ್ಲ, ಬಾಡಿಗೆಯ ಮನೆ. ದಿನವಿಡೀ ಅದರಲ್ಲೇ ದುಡಿದು ಉಣ್ಣುವವನಿಗೆ ಆ ಬಾಡಿಗೆ ಹೊರೆಯಾಗದಿರಬಹುದು. ವರ್ಷಕ್ಕೆ ಹತ್ತು ಹನ್ನೆರಡು ಪಟಗಳನ್ನು ಮಾಡುವ ಹಳ್ಳಿಯ ಸಭೆಗೆ ಅದು ಹೊರೆಯೇ ಸರಿ.

ಹಾಗಾದರೆ ಬಡವನಿಗೆ ಉಳಿದಿರುವುದು ಕಳವು, ಇಲ್ಲವೇ ಕುರೂಪ, ಇವೆರಡೇ ದಾರಿಗಳೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಮನಸ್ಸು ಹೋದುದು ಹಳೆಯ ಕಾಲಕ್ಕೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯದ ಆಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರನಿಗೆ ತನ್ನ ನಾಟಕಗಳನ್ನು ಅಚ್ಚು ಮಾಡಿಸುವ ಆಸೆಯಿತ್ತು, ಹಣವಿರಲಿಲ್ಲ. ತಾಮ್ರದ ತಗಡಿನಲ್ಲಿ ಕೊರೆಯುವುದು ದುಬಾರಿ. ಅಲ್ಲಿ ಸುಲಭವಾಗಿ ಸಿಗುತ್ತಿದ್ದ ನಯವಾದ ಸುಣ್ಣದ ಕಲ್ಲಿನ ಮೇಲೆ ಅವನು ಪ್ರಯೋಗ ನಡೆಸಿದ. ಜಿಡ್ಡಿನ ಮಸಿಯಿಂದ ಬರೆದ ಭಾಗ ಮಸಿಯನ್ನು ಹಿಡಿಯುತ್ತದೆ, ನೀರು ಹೀರಿದ ಭಾಗ ಅದನ್ನು ಒಲ್ಲೆನೆನ್ನುತ್ತದೆ. ಎಣ್ಣೆ ನೀರುಗಳ ಈ ಹಳೆಯ ಜಗಳದಿಂದಲೇ 1796ರ ಸುಮಾರಿಗೆ ಕಲ್ಲಚ್ಚು ಹುಟ್ಟಿತು.

ಅರ್ಧ ಶತಮಾನ ಕಳೆಯುವುದರೊಳಗೆ ಆ ಬಡ ನಾಟಕಕಾರನ ವಿದ್ಯೆ ನಮ್ಮ ಕರಾವಳಿಯನ್ನು ಮುಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಬಂದುದು ಅಲ್ಲಿಂದಲೇ. ಒತ್ತಕ್ಷರ, ಕೊಂಬು, ದೀರ್ಘಗಳೆಂದು ಕವಲೊಡೆಯುವ ಕನ್ನಡ ಲಿಪಿಗೆ ಲೋಹದ ಮೊಳೆಗಳನ್ನು ಎರಕ ಹೊಯ್ಯುವುದು ಬಹಳ ಕಷ್ಟದ, ಖರ್ಚಿನ ಕೆಲಸ. ಕಲ್ಲಿಗೆ ಆ ತೊಡಕಿಲ್ಲ. ಕೈ ಬರೆದಂತೆ ಕಲ್ಲು ಒಪ್ಪುತ್ತದೆ. ಅಗ್ಗದ ಉಪಕರಣವು ದುಬಾರಿಯಾದುದಕ್ಕಿಂತ ಕನ್ನಡದ ಒತ್ತಕ್ಷರಕ್ಕೆ ಹೆಚ್ಚು ನಿಷ್ಠವಾಗಿ ನಡೆದುಕೊಂಡ ಪ್ರಸಂಗವಿದು.

ಗಣಕಯಂತ್ರದ ಯುಗದಲ್ಲಿಯೂ ಇಂಥದೇ ಸಂಗತಿ ನಡೆದಿದೆ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ತರುಣರು ಚಿತ್ರಸಂಸ್ಕರಣದ ತಂತ್ರಾಂಶವೊಂದನ್ನು ಬರೆಯತೊಡಗಿದರು. ಮರುವರ್ಷ ಅದು ಲೋಕಕ್ಕೆ ದೊರೆಯಿತು. ‘ಗಿಂಪ್’ ಎಂಬುದೇ ಅದರ ಹೆಸರು. ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಅದರ ಪರವಾನಗಿಯೇ ಈ ಅನುಮತಿಯನ್ನು ಕೊಡುತ್ತದೆ. ನನ್ನ ಶಿಷ್ಯನಿಗೆ ಪೆನ್‌ಡ್ರೈವಿನಲ್ಲಿ ಬಂದ ನಕಲು ಕಳವು. ಅದೇ ಪೆನ್‌ಡ್ರೈವಿನಲ್ಲಿ ಗಿಂಪ್ ಬಂದಿದ್ದರೆ ಅದು ದಾನ. ಕ್ರಿಯೆ ಒಂದೇ, ಧರ್ಮ ಬೇರೆ. ಸುತ್ತಮುತ್ತ ಇದರ ಬಂಧುಗಳೂ ಇವೆ. ಗೆರೆಚಿತ್ರಕ್ಕೆ 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಕುಂಚದ ಕೆಲಸಕ್ಕೆ ಕ್ರಿಟ.

ಇವುಗಳಲ್ಲಿ ಒತ್ತಕ್ಷರದ ಗತಿಯೇನು? ಯೂನಿಕೋಡ್ ಪದ್ಧತಿಯಲ್ಲಿ ‘ಕ್ರಿ’ ಎಂಬುದು ಒಳಗೆ ಕಕಾರ, ವಿರಾಮಚಿಹ್ನೆ, ರಕಾರ, ಇಕಾರದ ಗುರುತು ಎಂಬ ನಾಲ್ಕು ಸಂಕೇತಗಳ ಸಾಲು. ಅವುಗಳನ್ನು ಕೂಡಿಸಿ ಒಂದೇ ಅಕ್ಷರವಾಗಿ ಬರೆಯುವ ಲಿಪಿಕಾರ ತಂತ್ರಾಂಶದೊಳಗೆ ಇರಬೇಕು. ಇಲ್ಲವಾದರೆ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಗಿಂಪ್‌ನಲ್ಲಿ ಆ ಲಿಪಿಕಾರನ ಕೆಲಸವನ್ನು ‘ಹಾರ್ಫ್‌ಬಝ್’ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಮಾಡುತ್ತದೆ. ಬೆಲೆಯಿಲ್ಲದೆ ದೊರೆಯುವ ನೋಟೋ ಕನ್ನಡ, ನವಿಲು, ಗುಬ್ಬಿ ಮುಂತಾದ ಯೂನಿಕೋಡ್ ಅಕ್ಷರವಿನ್ಯಾಸಗಳೂ ಉಂಟು. ಶಿಷ್ಯ ಅಂದು ರಾತ್ರಿ ಗಿಂಪ್ ಇಳಿಸಿಕೊಂಡು ಮೊದಲು ಬರೆದದ್ದು ‘ಕ್ರಿಸ್ತ’ ಎಂಬ ಒಂದೇ ಪದ. ಅದರ ಚಿತ್ರವನ್ನಷ್ಟೇ ನನಗೆ ಕಳುಹಿಸಿದ. ಜೊತೆಗೆ ಒಂದು ಮಾತೂ ಇರಲಿಲ್ಲ. ರಕಾರದ ಒತ್ತು, ತಕಾರದ ಒತ್ತು ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತಿದ್ದುವು.

ಇಷ್ಟರಿಂದಲೇ ಎಲ್ಲವೂ ಸುಖವೆಂದು ಹೇಳಿದರೆ ಓದುಗರಿಗೆ ವಂಚನೆಯಾದೀತು. ಹಣದ ಬದಲು ಇಲ್ಲಿ ಕಾಲವನ್ನು ತೆರಬೇಕು. ಚಿತ್ರದ ಮೇಲೆ ಚಿತ್ರವನ್ನು ಗಾಜಿನ ಹಲಗೆಗಳಂತೆ ಪದರ ಪದರವಾಗಿ ಜೋಡಿಸುವ ಕ್ರಮ ಕೈಗೆ ಹತ್ತಲು ಅವನಿಗೆ ಒಂದು ತಿಂಗಳು ಹಿಡಿಯಿತು. ಮೊದಲ ಆಮಂತ್ರಣ ಅಚ್ಚಾದಾಗ ಪರದೆಯ ಮೇಲಿನ ಉಜ್ವಲ ನೀಲಿ ಕಾಗದದಲ್ಲಿ ಮಂಕಾಯಿತು. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸುತ್ತದೆ, ಮುದ್ರಣಾಲಯ ನಾಲ್ಕು ಮಸಿಗಳನ್ನು ಬೆರೆಸುತ್ತದೆ ಎಂಬುದನ್ನು ಅವನು ಹೀಗೆ ನಷ್ಟದಿಂದ ಕಲಿತ. ಎ4 ಅಳತೆಯ ಪುಟ ಅಚ್ಚಿನಲ್ಲಿ ಸ್ಫುಟವಾಗಿ ಬರಬೇಕಾದರೆ ಅಂಗುಲಕ್ಕೆ 300 ಚುಕ್ಕಿಗಳಂತೆ 2480 ಅಗಲ, 3508 ಉದ್ದದ ಚಿತ್ರ ಬೇಕೆಂಬುದನ್ನು ಈಗ ಅವನು ಮಗ್ಗಿಯಂತೆ ಒಪ್ಪಿಸುತ್ತಾನೆ.

ಉಪಕರಣದ ಕಳವು ನಿಂತ ಮೇಲೆ ಚಿತ್ರದ ಕಳವೂ ನಿಲ್ಲಬೇಕಷ್ಟೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳಿಗೆ 1900ರ ಆಸುಪಾಸಿನಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿಯಂಥ ಚಿತ್ರಕಾರ ದೊರೆತ. ಎಲ್ಲ ಸಭೆಗಳಿಗೂ ಆ ಭಾಗ್ಯವಿಲ್ಲ. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರಕಾರನು ಕಾಲವಾಗಿ 60 ವರ್ಷ ಸಂದ ಮೇಲೆ ಅವನ ವರ್ಣಚಿತ್ರ ಎಲ್ಲರ ಸೊತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2017ರಲ್ಲಿ ಇಂಥ ಲಕ್ಷಾಂತರ ಚಿತ್ರಗಳ ಪ್ರತಿಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ನನ್ನ ಶಿಷ್ಯ ಮಾತ್ರ ಅಷ್ಟು ದೂರ ಹೋಗಲಿಲ್ಲ. ಮರುವರ್ಷದ ಕ್ರಿಸ್‌ಮಸ್ಸಿಗೆ ಭಾನುವಾರ ಶಾಲೆಯ ಮಕ್ಕಳಿಂದಲೇ ಗೋದಲಿಯ ಚಿತ್ರ ಬರೆಯಿಸಿ, ಅವುಗಳ ಛಾಯಾಚಿತ್ರ ತೆಗೆದು, ಹಿನ್ನೆಲೆಯನ್ನು ಗಿಂಪ್‌ನಲ್ಲಿ ಬಿಡಿಸಿ, ಒಂದೇ ಪಟದಲ್ಲಿ ಕೂಡಿಸಿದ. ಒಂದು ಮಗು ಬರೆದ ಕುರಿಗೆ ಐದು ಕಾಲುಗಳಿದ್ದುವು. ಅಳಿಸುವುದು ಸುಲಭವಾಗಿತ್ತು, ಅವನು ಅಳಿಸಲಿಲ್ಲ.

ಆ ಹಬ್ಬಕ್ಕೆ ನನ್ನನ್ನೂ ಕರೆದಿದ್ದ. ಬಾಗಿಲ ಮುಂದೆ ಆ ಪಟದ ಕೆಳಗೆ ಅಜ್ಜಿಯೊಬ್ಬರು ಮೊಮ್ಮಗಳ ಕೈಹಿಡಿದು ನಿಂತು ಅಕ್ಷರಗಳನ್ನು ಬೆರಳಿನಿಂದ ತೋರಿಸಿ ಓದಿಸುತ್ತಿದ್ದರು. ಮಗು ‘ಕ್ರಿಸ್ತ’ ಎಂದು ತಡೆಯಿಲ್ಲದೆ ಓದಿತು. ಹಿಂದೆ ನಿಂತಿದ್ದ ಶಿಷ್ಯ ನನ್ನ ಕಡೆ ನೋಡಿದ. “ಹತ್ತು ಆಜ್ಞೆಗಳ ಪಟ ಏನಾಯಿತು?” ಎಂದು ಕೇಳಿದೆ. “ಒಳಗೆ ಗೋಡೆಯ ಮೇಲಿದೆ ಸರ್. ಎಲ್ಲವನ್ನೂ ಮೊದಲಿನಿಂದ ಮಾಡಿದೆ” ಎಂದ.