ಜಾಲತಾಣದ ಭೇಟಿಗಳ ಲೆಕ್ಕ: ಅಂಕಿಗಳನ್ನು ಅರಿಯುವ ಬಗೆ

ಜಾಲತಾಣದ ನಿರ್ವಹಣೆಗೆ ಹಣ ತೆರುವ ವರ್ತಕರ ಮುಂದೆ ಸಾವಿರಾರು ‘ಹಿಟ್’ಗಳ ವರದಿಯನ್ನು ಇಡುವುದುಂಟು. ಆದರೆ ಹಿಟ್ ಎಂದರೆ ಗ್ರಾಹಕನಲ್ಲ. ಸರ್ವರ್ ದಾಖಲೆಯಲ್ಲಿ ಪ್ರತಿಯೊಂದು ಕಡತದ ಕೋರಿಕೆಯೂ ಒಂದು ಹಿಟ್. 20 ಚಿತ್ರಗಳಿರುವ ಪುಟವನ್ನು ಒಬ್ಬನು ಮೊದಲ ಬಾರಿ ತೆರೆದರೆ, ಪುಟವೂ ಸೇರಿ 21 ಹಿಟ್‌ಗಳು ದಾಖಲಾಗುತ್ತವೆ.

ಭೇಟಿ, ಅಂದರೆ ‘ಸೆಷನ್’, ಇದಕ್ಕಿಂತ ಭಿನ್ನವಾದುದು. 2020ರಲ್ಲಿ ಬಂದ ಗೂಗಲ್ ಅನಲಿಟಿಕ್ಸ್ 4ರಲ್ಲಿ, ಬೇರೆ ಅವಧಿಯನ್ನು ನಿಗದಿಪಡಿಸದಿದ್ದರೆ, 30 ನಿಮಿಷ ಯಾವ ಚಟುವಟಿಕೆಯೂ ಇಲ್ಲದಾಗ ಭೇಟಿ ಮುಗಿಯುತ್ತದೆ. ಬಳಿಕ ಮರಳಿ ಬಂದರೆ ಅದು ಹೊಸ ಭೇಟಿ. 10 ಸೆಕೆಂಡಿಗೆ ಮೀರಿದ, ಅಥವಾ ಕನಿಷ್ಠ ಎರಡು ಪುಟಗಳನ್ನು ನೋಡಿದ, ಅಥವಾ ವಿಚಾರಣಾ ಪತ್ರ ಸಲ್ಲಿಕೆಯಂತಹ, ಮೊದಲೇ ಗುರುತಿಸಿಟ್ಟ ಮುಖ್ಯ ಕ್ರಿಯೆ ನಡೆದ ಭೇಟಿಗಳನ್ನು ಅದು ಪ್ರತ್ಯೇಕವಾಗಿ ಎಣಿಸುತ್ತದೆ.

‘ಬಳಕೆದಾರರ’ ಸಂಖ್ಯೆಯೂ ನಿಖರವಾದ ತಲೆಎಣಿಕೆಯಲ್ಲ. ಗುರುತು ಸಾಮಾನ್ಯವಾಗಿ ಬ್ರೌಸರಿನ ಕುಕಿಯನ್ನು ಅವಲಂಬಿಸಿರುವುದರಿಂದ, ಕಚೇರಿಯ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ನೋಡಿದ ಒಬ್ಬನೇ ಖರೀದಿದಾರ ಇಬ್ಬರಾಗಿ ಕಾಣಬಹುದು.

ಆದುದರಿಂದ ಗುತ್ತಿಗೆಯನ್ನು ನವೀಕರಿಸುವ ಮುನ್ನ ವರ್ತಕರು ಹಿಟ್‌ಗಳನ್ನು ಬದಿಗಿಟ್ಟು, ಭೇಟಿಗಳೆಷ್ಟು, ಅವುಗಳಿಂದ ಬಂದ ವಿಚಾರಣೆಗಳೆಷ್ಟು, ಒಂದು ವಿಚಾರಣೆಗೆ ತಗುಲಿದ ವೆಚ್ಚವೆಷ್ಟು ಎಂದು ಕೇಳುವುದು ಹಿತ. ಖರ್ಚಿನ ಎದುರು ಬರೆಯತಕ್ಕ ಅಂಕಿ ಅದೇ.