ಬೆಟ್ಟದ ತಿರುವಿನಲ್ಲಿ ಬಾನೆಟ್ ಎತ್ತಿದ ಕಾರು

ಬೇಸಿಗೆಯ ಭಾನುವಾರ ಚಾಮುಂಡಿ ಬೆಟ್ಟದ ಬಸ್ಸಿನಲ್ಲಿ ಹೋಗುವವರಿಗೆ ಈ ನೋಟ ಹೊಸದೇನಲ್ಲ. ತಿರುವಿನ ಪಕ್ಕ ಬಾನೆಟ್ ಎತ್ತಿದ ಕಾರು, ಬುಸ್ಸೆನ್ನುವ ಹಬೆ, ನೀರಿನ ಬಾಟಲಿ ಹಿಡಿದು ದಿಕ್ಕುತೋಚದೆ ನಿಂತ ಯಜಮಾನರು. ಕೇಳಿದರೆ, "ಬಿಸಿಲು ಸ್ವಾಮಿ, ಏನ್ಮಾಡೋದು!" ಬಿಸಿಲಿನ ಪಾಲು ಅಲ್ಪ. ಉಳಿದದ್ದೆಲ್ಲ ಬಾನೆಟ್ಟಿನೊಳಗಿನ ಅಲಕ್ಷ್ಯದ್ದು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ ಸಾವಿರ ಮೀಟರ್ ದಾಟುತ್ತದೆ. ಮಂಗಳೂರಿನ ಕಡಲ ದಂಡೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಟ್ಟದ ಮೇಲೆ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಇಂಜಿನ್ನಿನ ನೀರು ಮಾಮೂಲಿ ಓಟದಲ್ಲೇ 90ರ ಹತ್ತಿರ ಇರುತ್ತದೆ. ಇದನ್ನು ಕಾಯುವುದು ರೇಡಿಯೇಟರ್ ಮುಚ್ಚಳ. ಒಳಗೆ ಒತ್ತಡ ಹಿಡಿದಿಟ್ಟು ಸುಮಾರು 115 ಡಿಗ್ರಿವರೆಗೂ ಕುದಿಯಗೊಡುವುದಿಲ್ಲ. ಅದರ ರಬ್ಬರ್ ಸವೆಯಿತೋ, ಗ್ಯಾಸ್ಕೆಟ್ ಹೋದ ಕುಕ್ಕರಿನ ಗತಿಯೇ!

ಇನ್ನು ಕೆಲವರಿಗೆ ಕೂಲೆಂಟ್ ಎಂದರೆ ದಂಡದ ಖರ್ಚು. ಬೋರ್‌ವೆಲ್ ನೀರನ್ನೇ ತುಂಬುತ್ತಾರೆ. ಬಚ್ಚಲ ಹಂಡೆಗೆ ಸುಣ್ಣ ಕಟ್ಟಿದಂತೆ ರೇಡಿಯೇಟರಿನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ.

ಹಿಂದೆ ಅಂಬಾಸಿಡರ್, ಪದ್ಮಿನಿಗಳ ಫ್ಯಾನು ಬೆಲ್ಟಿನಿಂದ ತಿರುಗುತ್ತಿತ್ತು. ಡಿಕ್ಕಿಯಲ್ಲಿ ಬೆಲ್ಟೊಂದು, ನೀರಿನ ಕ್ಯಾನೊಂದು ಇದ್ದೇ ಇರುತ್ತಿದ್ದವು. ಈಗಿನ ಕಾರುಗಳ ಫ್ಯಾನಿಗೆ ಕರೆಂಟ್ ಮೋಟಾರು. ಅದರ ಫ್ಯೂಸ್ ಹೋದರೂ ಬೆಂಗಳೂರು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಓಟದ ಗಾಳಿಯೇ ತಣಿಸುತ್ತದೆ. ಬೆಟ್ಟದ ಸಾಲಿನಲ್ಲಿ, ಎ.ಸಿ. ಹಾಕಿಕೊಂಡು ಆಮೆಯಂತೆ ತೆವಳುವಾಗ ಬಣ್ಣ ಬಯಲಾಗುತ್ತದೆ. "ಥರ್ಮೋಸ್ಟಾಟ್ ಕಿತ್ತಾಕಿದ್ರೆ ಸರಿಹೋಗುತ್ತೆ" ಎನ್ನುವ ಮೆಕ್ಯಾನಿಕ್‌ಗಳು ಇಂದಿಗೂ ಇದ್ದಾರೆ. ಅದರಿಂದ ಮೂಲ ರೋಗ ಮರೆಯಾಗುತ್ತದೆ ಅಷ್ಟೆ. ಇಂಜಿನ್ ಬಿಸಿಯೇರಲು ತಡವಾಗಿ ಪೆಟ್ರೋಲನ್ನೂ ಜಾಸ್ತಿ ಕುಡಿಯುತ್ತದೆ.

ಮುಳ್ಳು ಕೆಂಪಿನ ಕಡೆ ಹತ್ತಿದರೆ ಎ.ಸಿ. ಆರಿಸಿ, ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ನಿಲ್ಲಿಸಬೇಕು. ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟಲೇಬಾರದು. ಬಿಸಿಯಲ್ಲಿ ತಿರುಗಿಸಿದರೆ ಒತ್ತಡ ತಪ್ಪಿ, ಕುದಿನೀರು ಚಿಮ್ಮಿ ಮುಖ, ಕೈ ಬೇಯುತ್ತವೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. "ಇನ್ನೇನು ನಂದಿ ಬಂತು, ದೇವಸ್ಥಾನ ಎರಡೇ ತಿರುವು" ಎಂದು ಹಾಗೇ ಓಡಿಸುವ ಭಂಡಧೈರ್ಯಕ್ಕೆ ಗ್ಯಾಸ್ಕೆಟ್ ಸುಟ್ಟು, ಹೆಡ್ ಸೊಟ್ಟಗಾಗುತ್ತದೆ. ಮುಚ್ಚಳ ಬದಲಿಸಲು ಬೇಕಾದದ್ದು ಕೆಲವು ನೂರು ರೂಪಾಯಿ, ಹೆಡ್ ಕೆಲಸಕ್ಕೆ ಸಾವಿರಗಟ್ಟಲೆ.

ತಣ್ಣಗಾದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಇಳಿದಿದೆಯೆಂದೇ ಲೆಕ್ಕ. ಅಂಥ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬಾರದು, ಟೋಯಿಂಗ್ ಗಾಡಿ ಕರೆಸಿಯೇ ಬೆಟ್ಟ ಇಳಿಸಬೇಕು.