ಹಗ್ಗವೇರುವ ಯಂತ್ರ

ಬಾವಿಯಿಂದ ನೀರು ಸೇದುವಾಗ ಸೇದುವವನು ದಡದ ಮೇಲೆ ನಿಂತಿರುತ್ತಾನೆ. ಕೊಡ ಮೇಲೇರಿ ಬರುತ್ತದೆ. ಕೊಡವು ತನ್ನನ್ನು ತಾನೇ ಸೇದಿಕೊಂಡು ಮೇಲೆ ಬರಬೇಕಾದರೆ ಏನು ಮಾಡಬೇಕು? ಸೇದುವ ಶಕ್ತಿ, ಸೇದುವ ಕೈ, ಹಗ್ಗವನ್ನು ಸುತ್ತಿಕೊಳ್ಳುವ ಉರುಳೆ ಎಲ್ಲವೂ ಕೊಡದಲ್ಲಿಯೇ ಇರಬೇಕಾಗುತ್ತದೆ. ಹಾಗೆಂದು ಕೊಡ ಭಾರವಾಗಲೂಬಾರದು. ಮೇಲುನೋಟಕ್ಕೆ ವಿನೋದವೆನಿಸುವ ಈ ಸಮಸ್ಯೆಯನ್ನು 2017ರಲ್ಲಿ ಅಮೆರಿಕ ಮತ್ತಿತರ ದೇಶಗಳ ಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿ ತಂಡಗಳು ನಿಜವಾಗಿಯೂ ಬಿಡಿಸಬೇಕಾಯಿತು.

ಸಂಶೋಧಕ ಡೀನ್ ಕೇಮನ್ 1989ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ 'ಫಸ್ಟ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಆಟಗಾರರಿಗೆ ದೊರೆಯುವ ಮನ್ನಣೆ ಯಂತ್ರವಿಜ್ಞಾನವನ್ನು ಕಲಿಯುವ ಮಕ್ಕಳಿಗೂ ದೊರೆಯಬೇಕೆಂಬುದು ಅವನ ಆಶಯ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅವನಿಗೆ ಜೊತೆಯಾದನು. 1992ರಲ್ಲಿ ಮ್ಯಾಂಚೆಸ್ಟರ್ ನಗರದ ಒಂದು ಪ್ರೌಢಶಾಲೆಯ ವ್ಯಾಯಾಮ ಮಂದಿರದಲ್ಲಿ ನಡೆದ ಮೊದಲ ಸ್ಪರ್ಧೆಗೆ ಬಂದ ತಂಡಗಳು 28 ಮಾತ್ರ. ಅಂದಿನಿಂದ ಬಹುಮಟ್ಟಿಗೆ ಪ್ರತಿ ವರ್ಷವೂ ಹೊಸದೊಂದು ಆಟವನ್ನು ಪ್ರಕಟಿಸುತ್ತಾರೆ. ಆ ಆಟವನ್ನು ಆಡಬಲ್ಲ ರೋಬಾಟನ್ನು ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ಕಟ್ಟಬೇಕು.

2017ರ ಆಟದ ವಸ್ತು ಉಗಿಯುಗ. ಕಣದಲ್ಲಿ ಪ್ರತಿ ಪಕ್ಷಕ್ಕೂ ಒಂದೊಂದು ಕಾಲ್ಪನಿಕ ವಾಯುನೌಕೆ. ಪ್ರತಿ ಪಕ್ಷದಲ್ಲೂ ಮೂರು ರೋಬಾಟುಗಳು. ಆಟದ ಅವಧಿ ಎರಡೂವರೆ ನಿಮಿಷ. ಕೊನೆಯ 30 ಸೆಕೆಂಡುಗಳಲ್ಲಿ ನೌಕೆಯಿಂದ ಹಗ್ಗಗಳನ್ನು ಇಳಿಬಿಡುತ್ತಿದ್ದರು. ರೋಬಾಟು ಹಗ್ಗವನ್ನು ಹಿಡಿದು ಮೇಲೇರಿ, ಅಲ್ಲಿದ್ದ ಒಂದು ಫಲಕವನ್ನು ಒತ್ತಿ, ಆಟ ಮುಗಿಯುವ ಗಳಿಗೆಯಲ್ಲಿ ಅಲ್ಲಿಯೇ ಇದ್ದರೆ 50 ಅಂಕ. ಮೂರು ಚೆಂಡುಗಳನ್ನು ಎತ್ತರದ ಬಾಯ್ಲರಿಗೆ ಹಾಕಿದರೆ ದೊರೆಯುತ್ತಿದ್ದುದು ಒಂದೇ ಅಂಕ. ಎಂದರೆ, ಆ ಕೆಲವು ಸೆಕೆಂಡುಗಳ ಏರಿಕೆಯು ನೂರೈವತ್ತು ಚೆಂಡುಗಳಿಗೆ ಸಮ! ಎರಡು ನಿಮಿಷಗಳ ದುಡಿಮೆಯನ್ನು ಕೊನೆಯ ಅರ್ಧ ನಿಮಿಷ ಉಳಿಸಲೂ ಬಹುದಾಗಿತ್ತು, ಕಳೆಯಲೂ ಬಹುದಾಗಿತ್ತು.

ಆದರೆ ರೋಬಾಟಿನ ತೂಕಕ್ಕೆ ಮಿತಿಯುಂಟು. ಬ್ಯಾಟರಿ ಮತ್ತು ಸುತ್ತಲಿನ ಮೆತ್ತೆಯ ಪಟ್ಟಿಯನ್ನು ಬಿಟ್ಟು ಅದು 120 ಪೌಂಡುಗಳನ್ನು, ಎಂದರೆ ಸುಮಾರು 54 ಕಿಲೋಗ್ರಾಮನ್ನು ಮೀರುವಂತಿರಲಿಲ್ಲ. ಗಾಲಿಗಳು, ಚೌಕಟ್ಟು, ಚೆಂಡು ಎಸೆಯುವ ಸಾಧನ ಇವೆಲ್ಲವೂ ತಮ್ಮ ಪಾಲನ್ನು ಪಡೆದ ಮೇಲೆ ಉಳಿದುದೇ ಏರುವ ಸಾಧನದ ಪಾಲು. ಇಲ್ಲಿ ಒಂದು ತಪ್ಪು ಕಲ್ಪನೆಗೆ ಅವಕಾಶವಿದೆ. ಹಗುರವಾದರೆ ಏರುವುದು ಸುಲಭ, ಆದುದರಿಂದ ಸಾಧನ ಹಗುರವಾಗಿರಬೇಕು ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಬ್ಯಾಟರಿಯೂ ಮೆತ್ತೆಯೂ ಸೇರಿ 70 ಕಿಲೋಗ್ರಾಂ ತೂಗುವ ಯಂತ್ರದಲ್ಲಿ ಒಂದು ಕಿಲೋಗ್ರಾಂ ಕಡಮೆಯಾದರೆ ಏರುವ ಶ್ರಮ ನೂರಕ್ಕೆ ಒಂದೂವರೆಯಷ್ಟೂ ತಗ್ಗುವುದಿಲ್ಲ. ಹಗುರತನದ ಬೆಲೆ ಬೇರೆಡೆ ಇದೆ: ಉಳಿಸಿದ ತೂಕವನ್ನು ಇನ್ನೊಂದು ಕೆಲಸಕ್ಕೆ ಕೊಡಬಹುದು, ಮೇಲ್ಭಾಗದ ಭಾರ ತಗ್ಗಿ, ವೇಗವಾಗಿ ತಿರುಗುವಾಗ ಯಂತ್ರ ಉರುಳದಂತೆ ನೋಡಿಕೊಳ್ಳಬಹುದು.

ತೂಕವನ್ನು ಉಳಿಸಹೊರಟವನು ಮೊದಲು ಕೈಗೆತ್ತಿಕೊಳ್ಳಬೇಕಾದುದು ಗರಗಸವನ್ನಲ್ಲ, ಲೆಕ್ಕವನ್ನು. 70 ಕಿಲೋಗ್ರಾಮನ್ನು ಭೂಮಿ ಎಳೆಯುವ ಬಲ ಸುಮಾರು 686 ನ್ಯೂಟನ್. ಯಂತ್ರ ಒಂದು ಮೀಟರು ಏರಬೇಕೆಂದು ಇಟ್ಟುಕೊಂಡರೆ ಮಾಡಬೇಕಾದ ಕೆಲಸ 686 ಜೌಲ್. ಅದನ್ನು 5 ಸೆಕೆಂಡುಗಳಲ್ಲಿ ಮುಗಿಸಲು ಬೇಕಾದ ಸಾಮರ್ಥ್ಯ ಸುಮಾರು 137 ವಾಟ್. ಇದು ಹಳೆಯ ಮಾದರಿಯ ಎರಡು ಬೀಸಣಿಗೆ ಪಂಖಗಳಿಗೆ ಬೇಕಾಗುವಷ್ಟೇ. ಹೀಗಿರುವಾಗ ಎರಡು ದೊಡ್ಡ ಮೋಟಾರುಗಳನ್ನು ಜೋಡಿಸಿಕೊಂಡ ತಂಡವು ಲೆಕ್ಕ ಮಾಡದ ತಪ್ಪಿಗೆ ಕಿಲೋಗ್ರಾಮುಗಟ್ಟಲೆ ದಂಡ ತೆತ್ತಂತಾಯಿತು.

ಆಗ ಬಳಕೆಯಲ್ಲಿದ್ದ ಎರಡು ಮೋಟಾರುಗಳನ್ನು ಹೋಲಿಸಿ ನೋಡಬಹುದು. 'ಸಿಮ್' ಎಂಬುದು ಸುಮಾರು 1.27 ಕಿಲೋಗ್ರಾಂ ತೂಗುವ, ಮಿನಿಟಿಗೆ 5,300 ಸುತ್ತು ತಿರುಗುವ ಗಟ್ಟಿ ಮೋಟಾರು. '775 ಪ್ರೊ' ಎಂಬುದರ ತೂಕ ಅದರ ಮೂರರಲ್ಲಿ ಒಂದು ಪಾಲಿಗಿಂತ ಕಡಮೆ; ಆದರೆ ಗರಿಷ್ಠ ಸಾಮರ್ಥ್ಯದಲ್ಲಿ ಎರಡೂ ಸರಿಸಮ. ಚಿಕ್ಕದು ಮಿನಿಟಿಗೆ 18,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆದುದರಿಂದ ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಲು ಹಲ್ಲುಚಕ್ರಗಳ ಸಾಲು ಉದ್ದವಾಗಬೇಕು. ಅದಕ್ಕಿಂತಲೂ ಮುಖ್ಯವಾದ ಭೇದವೊಂದಿದೆ. ಸಿಮ್ ತಿರುಗಲಾರದೆ ನಿಂತುಬಿಟ್ಟರೂ ಕೆಲಕಾಲ ಬಿಸಿಯನ್ನು ತಾಳಿಕೊಳ್ಳುತ್ತದೆ. ಚಿಕ್ಕದು ತನ್ನ ತಿರುಗುವಿಕೆಯಿಂದ ಬೀಸುವ ಗಾಳಿಯಿಂದಲೇ ತಂಪಾಗತಕ್ಕದ್ದು. ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತದೆ. ಹಗುರವಾದುದನ್ನು ಆಯ್ದುಕೊಂಡವನು ಅದು ಎಂದಿಗೂ ನಿಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊತ್ತುಕೊಳ್ಳಬೇಕು.

ಇನ್ನು ಉರುಳೆ. ಸಾಧನದ ಗುಟ್ಟೆಲ್ಲ ಇರುವುದು ಇಲ್ಲಿ. ಹಗ್ಗದ ಎಳೆತವನ್ನು ಉರುಳೆಯ ತ್ರಿಜ್ಯದಿಂದ ಗುಣಿಸಿದರೆ ದೊರೆಯುವುದೇ ತಿರುಚುಬಲ. ತ್ರಿಜ್ಯ ಅರ್ಧವಾದರೆ ತಿರುಚುಬಲವೂ ಅರ್ಧ; ಹಲ್ಲುಚಕ್ರಗಳೂ ಚಿಕ್ಕವಾದಾವು. ಉರುಳೆಯ ತ್ರಿಜ್ಯ ಒಂದೂವರೆ ಸೆಂಟಿಮೀಟರು, ಹಗ್ಗದ ದಪ್ಪ ಒಂದು ಸೆಂಟಿಮೀಟರು ಎಂದುಕೊಳ್ಳೋಣ. ಎಳೆತ ಹಗ್ಗದ ನಡುವಿನಲ್ಲಿ ಹಾಯುವುದರಿಂದ ಲೆಕ್ಕಕ್ಕೆ ಬರುವ ತ್ರಿಜ್ಯ ಎರಡು ಸೆಂಟಿಮೀಟರು. ತಿರುಚುಬಲ ಸುಮಾರು 13.7 ನ್ಯೂಟನ್ ಮೀಟರು. ಘರ್ಷಣೆಯಲ್ಲಿ ನೂರಕ್ಕೆ ಮೂವತ್ತು ಪಾಲು ನಷ್ಟವಾದರೂ, ನಲವತ್ತಕ್ಕೆ ಒಂದರಂತೆ ವೇಗವನ್ನು ತಗ್ಗಿಸಿದ ಒಂದೇ ಒಂದು ಸಿಮ್ ಮೋಟಾರು ಸುಮಾರು 28 ಆಂಪಿಯರ್ ವಿದ್ಯುತ್ತಿನಲ್ಲಿ ಈ ಕೆಲಸವನ್ನು ನಿರಾಯಾಸವಾಗಿ ಮಾಡಿ ಮುಗಿಸುತ್ತದೆ.

ಆದರೆ ಹಗ್ಗ ಒಂದರ ಪಕ್ಕದಲ್ಲೊಂದು ಸುತ್ತಿಕೊಳ್ಳದೆ ಒಂದರ ಮೇಲೊಂದು ಏರಿತೆನ್ನಿ. ಎರಡನೆಯ ಪದರದಲ್ಲಿ ತ್ರಿಜ್ಯ ಮೂರು ಸೆಂಟಿಮೀಟರಿಗೆ ಹತ್ತಿರವಾಗುತ್ತದೆ. ಹೊರೆ ಒಮ್ಮೆಲೇ ಒಂದೂವರೆ ಪಟ್ಟಾಗುತ್ತದೆ. ಮೋಟಾರು 40 ಆಂಪಿಯರನ್ನು ಮೀರಿ ಎಳೆಯತೊಡಗುತ್ತದೆ. ಆ ತಂತಿಯ ರಕ್ಷಕ ಸ್ವಿಚ್ಚಿನ ಮಿತಿ ಅಷ್ಟೇ. ಅಂಗಳದ ಪರೀಕ್ಷೆಯಲ್ಲಿ ಸಲೀಸಾಗಿ ಏರಿದ ಯಂತ್ರ ಕಣದಲ್ಲಿ ಅರ್ಧ ದಾರಿಗೆ ಬಂದು ನಿಲ್ಲುವುದಕ್ಕೆ ಇಷ್ಟು ಸಣ್ಣ ಕಾರಣ ಸಾಕು. ತಂಡಗಳು ತಮ್ಮ ಹಗ್ಗವನ್ನು ತಾವೇ ತರಬಹುದೆಂದು ನಿಯಮವಿದ್ದುದರಿಂದ, ಬುದ್ಧಿವಂತರು ದಪ್ಪ ಹಗ್ಗವನ್ನು ಬಿಟ್ಟು ತೆಳ್ಳನೆಯ, ಗಟ್ಟಿ ನೇಯ್ಗೆಯ ಪಟ್ಟಿಯನ್ನು ತಂದರು. ಪಟ್ಟಿ ಒಂದು ಸುತ್ತು ಮೇಲೇರಿದರೆ ತ್ರಿಜ್ಯ ಹೆಚ್ಚುವುದು ಅದರ ತೆಳ್ಳನೆಯ ದಪ್ಪದಷ್ಟು ಮಾತ್ರ. ಹಗ್ಗ ನೇತಾಡುತ್ತಿದ್ದುದು ನೌಕೆಯಿಂದ. ರೋಬಾಟು ಅದನ್ನು ಹೊತ್ತು ತಿರುಗಬೇಕಾಗಿರಲಿಲ್ಲ. ಜಾಣತನವನ್ನು ಹಗ್ಗದಲ್ಲಿಯೇ ಇಟ್ಟರೆ ಯಂತ್ರಕ್ಕೆ ಒಂದು ತೊಲವೂ ಭಾರವಿಲ್ಲ.

ಹಿಡಿಯುವ ಉಪಾಯದಲ್ಲಿಯೂ ಇದೇ ಮಾತು. ಹಗ್ಗವನ್ನು ಹಿಡಿಯಲು ಕೈ ಬೇಕು, ಕೈಗೆ ಮತ್ತೊಂದು ಮೋಟಾರು ಬೇಕು ಎಂದು ಹೊರಟವರುಂಟು. ಹಲವು ತಂಡಗಳು ಉರುಳೆಗೆ ವೆಲ್ಕ್ರೋ ಪಟ್ಟಿಯನ್ನು ಅಂಟಿಸಿದವು. ಚೀಲಗಳ, ಪಾದರಕ್ಷೆಗಳ ಮೇಲೆ ಚರಚರನೆ ಬಿಚ್ಚುವ ಪಟ್ಟಿಯೇ ಅದು. ತಿರುಗುತ್ತಿರುವ ಉರುಳೆ ಹಗ್ಗಕ್ಕೆ ತಗುಲಿದೊಡನೆ ವೆಲ್ಕ್ರೋವಿನ ಕೊಕ್ಕೆಗಳು ಅದರ ಎಳೆಗಳನ್ನು ಕಚ್ಚುತ್ತವೆ. ಎರಡು ಮೂರು ಸುತ್ತು ಬಿದ್ದ ಮೇಲೆ ಹಗ್ಗ ತನ್ನ ಬಿಗಿತದಿಂದಲೇ ನಿಲ್ಲುತ್ತದೆ.

ಉರುಳೆಯನ್ನು ಘನವಾದ ದಂಡದಿಂದ ಮಾಡಬೇಕಾಗಿಯೂ ಇಲ್ಲ. ಮೂರು ಸೆಂಟಿಮೀಟರು ವ್ಯಾಸದ ದಂಡದ ನಡುವಿನಿಂದ ಎರಡು ಸೆಂಟಿಮೀಟರು ವ್ಯಾಸದ ತಿರುಳನ್ನು ತೆಗೆದುಬಿಟ್ಟರೆ ನೂರಕ್ಕೆ 44 ಪಾಲು ತೂಕ ಹೋಗುತ್ತದೆ; ತಿರುಚನ್ನು ತಾಳುವ ಶಕ್ತಿ ಕುಗ್ಗುವುದು ನೂರಕ್ಕೆ 20 ಮಾತ್ರ. ಹೊರ ಅಂಚಿನ ವಸ್ತುವೇ ಹೆಚ್ಚು ದುಡಿಯುವುದು ಇದಕ್ಕೆ ಕಾರಣ. ಬಿದಿರು ಟೊಳ್ಳಾಗಿದ್ದೂ ಗಾಳಿಗೆ ಮುರಿಯದಿರುವುದು ಹೀಗೆಯೇ. ಆದರೆ ಎಲ್ಲವನ್ನೂ ಕೊರೆದು ತೂತು ಮಾಡುವುದು ಅವಿವೇಕ. ಹಗ್ಗದಿಂದ ಉರುಳೆಗೆ, ಉರುಳೆಯಿಂದ ಅದರ ಆಧಾರಗಳಿಗೆ, ಆಧಾರಗಳಿಂದ ಚೌಕಟ್ಟಿಗೆ 686 ನ್ಯೂಟನ್ ಬಲ ನಡೆದುಹೋಗುವ ದಾರಿಯೊಂದಿದೆ. ಆ ದಾರಿಯಲ್ಲಿರುವ ಬೋಲ್ಟುಗಳು, ಹಲ್ಲುಚಕ್ರಗಳು ಉಕ್ಕಿನವೇ ಆಗಿರಲಿ. ದಾರಿಯ ಹೊರಗಿರುವ ತಗಡು, ಮುಚ್ಚಳಗಳಿಗೆ ಉಕ್ಕಿನ ಮೂರನೆಯ ಒಂದಂಶ ತೂಗುವ ಅಲ್ಯೂಮಿನಿಯಂ ಧಾರಾಳವಾಯಿತು.

ಸಾಧನವನ್ನು ಎಲ್ಲಿ ಕೂರಿಸಬೇಕೆಂಬುದನ್ನು ಗುರುತ್ವಕೇಂದ್ರ ನಿರ್ಧರಿಸುತ್ತದೆ. ತೂಗುಹಾಕಿದ ವಸ್ತುವು ತನ್ನ ಗುರುತ್ವಕೇಂದ್ರ ಹಗ್ಗದ ನೇರ ಕೆಳಗೆ ಬರುವವರೆಗೂ ವಾಲುತ್ತದೆ. ಉರುಳೆ ಒಂದು ಅಂಚಿನಲ್ಲಿದ್ದರೆ ಯಂತ್ರ ನೆಲ ಬಿಟ್ಟೊಡನೆ ಓರೆಯಾಗಿ, ಒತ್ತಬೇಕಾದ ಫಲಕವನ್ನು ತಪ್ಪಿಸಿಕೊಂಡು ಗಿರಕಿ ಹೊಡೆಯುತ್ತದೆ.

ಕೊನೆಯದಾಗಿ, ಏರಿದ ಯಂತ್ರ ಜಾರಬಾರದು. ಸಮಯ ಮುಗಿದೊಡನೆ ಮೋಟಾರುಗಳಿಗೆ ವಿದ್ಯುತ್ತು ನಿಂತುಹೋಗುತ್ತದೆ. ಇದಕ್ಕೆ ಪರಿಹಾರ ಕೈಮಗ್ಗದಲ್ಲಿಯೇ ಇದೆ. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ದಿಂಡಿನ ತುದಿಯಲ್ಲಿ ಓರೆಹಲ್ಲಿನ ಚಕ್ರವೂ ಅದಕ್ಕೆ ಒರಗಿದ ನಾಲಗೆಯೂ ಇರುತ್ತವೆ. ದಿಂಡು ಒಂದು ಕಡೆಗೆ ಮಾತ್ರ ತಿರುಗಬಲ್ಲುದು. ಉರುಳೆಗೂ ಅಂಥದೊಂದನ್ನು ಜೋಡಿಸಿದರೆ ಕೆಲವೇ ನೂರು ಗ್ರಾಮಿನಲ್ಲಿ ಕೆಲಸ ಮುಗಿಯಿತು. ಆದರೆ ಹೊರೆ ಬಿದ್ದಿರುವಾಗ ಆ ನಾಲಗೆಯನ್ನು ಬೆರಳಿನಿಂದ ಎತ್ತಲಾಗದು. ಅದನ್ನು ಸುಲಭವಾಗಿ ಬಿಡಿಸುವ ಹಿಡಿಯೊಂದನ್ನು ಇಡಲು ಮರೆತ ತಂಡದ ಹುಡುಗರು ಆಟ ಮುಗಿದ ಮೇಲೆ ಯಂತ್ರದ ಕೆಳಗೆ ನಿಂತು, ಎಪ್ಪತ್ತು ಕಿಲೋಗ್ರಾಮನ್ನು ಹೆಗಲುಕೊಟ್ಟು ಬೆರಳಗಲದಷ್ಟು ಮೇಲೆತ್ತಿ, ಒಬ್ಬನು ಒಳಗೆ ಕೈಹಾಕಿ ನಾಲಗೆಯನ್ನು ಸರಿಸುವವರೆಗೂ ಹಾಗೆಯೇ ಹಿಡಿದು ನಿಲ್ಲಬೇಕಾಗುತ್ತಿತ್ತು.